ಮಂಡಿಗೆ ಲೋಹ, ಮೈಗೆ ರಬ್ಬರು: ಆಪರೇಷನ್ ಆದವರು ಮತ್ತೆ ಕಡಲಿಗಿಳಿಯೋದು ಹೇಗೆ?

ಮಂಡಿ ಬದಲಾಯಿಸಿಕೊಂಡವರು ಮತ್ತೆ ಸ್ಕೂಬಾ ಡೈವಿಂಗ್ ಮಾಡಬಹುದಾ? ಈ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಮನೆಯಲ್ಲಿ ಕೇಳಿದರೆ, "ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕು? ನೆಮ್ಮದಿಯಾಗಿ ವಾಕಿಂಗ್ ಮಾಡ್ಕೊಂಡಿರಬಾರದಾ?" ಟೂರ್ ಪ್ಯಾಕೇಜ್ ಮಾರುವವರನ್ನು ಕೇಳಿದರೆ, "ಏನೂ ಆಗಲ್ಲ ಮೇಡಂ, ಬನ್ನಿ, ನಮ್ಮ ಹುಡುಗರು ನೋಡ್ಕೋತಾರೆ." ಮೊದಲನೆಯದು ಭಯದ ಮಾತು, ಎರಡನೆಯದು ವ್ಯಾಪಾರದ ಮಾತು. ಎರಡರಲ್ಲೂ ಲೆಕ್ಕ ಇಲ್ಲ.

ಪ್ರಶ್ನೆ ಅಪರೂಪದ್ದು ಅನ್ನಿಸಬಹುದು. ಆದರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ ಈಗ ಕನ್ನಡಿಗರಿಗೆ ಗೊತ್ತಿಲ್ಲದ ಜಾಗವಲ್ಲ. 2022ರಲ್ಲಿ ಬಂದ 'ಗಂಧದಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದಿದ್ದನ್ನು ನೋಡಿದವರು ಬಹಳ ಜನ. ನಲವತ್ತರ ನಂತರ ಡೈವಿಂಗ್ ಕಲಿತು, ನೇತ್ರಾಣಿಗೋ ಅಂಡಮಾನಿಗೋ ಹೋಗಿಬಂದು, ಐವತ್ತೆಂಟರ ಹೊತ್ತಿಗೆ ಮಂಡಿ ಸವೆದು ಆಪರೇಷನ್ ಮಾಡಿಸಿಕೊಂಡ ಒಬ್ಬ ಉಪನ್ಯಾಸಕಿಯನ್ನು ಊಹಿಸಿಕೊಳ್ಳಿ. ಅವರು ನಿಮ್ಮ ಅಮ್ಮ ಆಗಿರಬಹುದು, ನಿಮ್ಮ ಮೇಷ್ಟ್ರು ಆಗಿರಬಹುದು. ಅವರ ಪ್ರಶ್ನೆಗೆ "ಸುಮ್ನಿರಿ" ಅನ್ನೋದು ಉತ್ತರವಲ್ಲ.

2019ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದರ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು ನೂರಕ್ಕೆ 82 ಮಂಡಿಗಳು 25 ವರ್ಷ ಬಾಳಿಕೆ ಬರುತ್ತವೆ. ಅಂದರೆ 58ಕ್ಕೆ ಹಾಕಿಸಿಕೊಂಡ ಮಂಡಿ 83ರ ತನಕ ಜೊತೆಗಿರುವ ಸಾಧ್ಯತೆ ಹೆಚ್ಚು. ಅಷ್ಟು ವರ್ಷವನ್ನು ಬರೀ ಪಾರ್ಕಿನ ಬೆಂಚಿನ ಮೇಲೆ ಕಳೆಯಬೇಕಾ ಅನ್ನೋದೇ ಇಲ್ಲಿರುವ ವಿಷಯ.

ಉತ್ತರವನ್ನು ಮೊದಲೇ ಹೇಳಿಬಿಡ್ತೀನಿ. ಬಹುತೇಕರಿಗೆ ಸಾಧ್ಯ, ಆದರೆ ಅಪಾಯ ನಾವು ಅಂದುಕೊಂಡ ಕಡೆ ಇಲ್ಲ. ಲೋಹದ ಮಂಡಿಗೆ ಸಮುದ್ರದ ಆಳದಿಂದ ತೊಂದರೆ ಇಲ್ಲ. ತೊಂದರೆ ಇರೋದು ದೋಣಿಯ ಏಣಿಯಲ್ಲಿ, ಒದ್ದೆ ನೆಲದಲ್ಲಿ ಮತ್ತು ಮೈಗೆ ಹಾಕುವ ರಬ್ಬರ್ ಸೂಟಿನಲ್ಲಿ.

ಒತ್ತಡಕ್ಕೆ ಲೋಹ ಬಗ್ಗಲ್ಲ

ಸಮುದ್ರದಲ್ಲಿ ಪ್ರತಿ 10 ಮೀಟರ್ ಕೆಳಗೆ ಹೋದಂತೆ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತೆ. ಮೇಲ್ಮೈಯಲ್ಲಿ 1 ಇದ್ದದ್ದು 10 ಮೀಟರ್ ಆಳದಲ್ಲಿ 2, 20 ಮೀಟರ್‌ನಲ್ಲಿ 3. ಈ ಒತ್ತಡ ಕಾಟ ಕೊಡೋದು ಗಾಳಿ ತುಂಬಿದ ಜಾಗಗಳಿಗೆ: ಕಿವಿ, ಸೈನಸ್, ಶ್ವಾಸಕೋಶ. ಗಾಳಿ ಕುಗ್ಗುತ್ತೆ, ಹಿಗ್ಗುತ್ತೆ. ಘನವಸ್ತು ಮತ್ತು ದ್ರವ ಹಾಗೆ ಮಾಡಲ್ಲ.

ಬದಲಿ ಮಂಡಿಯಲ್ಲಿ ಏನಿದೆ ನೋಡಿ. ತೊಡೆಯ ಮೂಳೆಯ ತುದಿಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಹೊದಿಕೆ. ಕೆಳಗಿನ ಮೂಳೆಯ ಮೇಲೆ ಟೈಟಾನಿಯಂ ಅಥವಾ ಅದೇ ಥರದ ಲೋಹದ ತಟ್ಟೆ. ನಡುವೆ ಗಟ್ಟಿ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ಇದನ್ನೆಲ್ಲ ಮೂಳೆಗೆ ಹಿಡಿದಿಡೋದಕ್ಕೆ ಹೆಚ್ಚಾಗಿ ಬಳಸುವುದು ಅಕ್ರಿಲಿಕ್ ಜಾತಿಯ ಸಿಮೆಂಟು. ಎಲ್ಲವೂ ಘನ. ಹವ್ಯಾಸಿ ಡೈವಿಂಗ್‌ನಲ್ಲಿ ಸಿಗುವ ಒತ್ತಡ ಇವಕ್ಕೆ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಎಚ್ಚರ ಯಾಕೆ? ಆಳದಲ್ಲಿ ಉಸಿರಾಡಿದ ಸಾರಜನಕ ಮೈಯಲ್ಲಿ ಕರಗಿ, ಬೇಗ ಮೇಲೆ ಬಂದರೆ ಗುಳ್ಳೆಗಳಾಗಿ ಕಾಡಬಹುದು. ಅದರ ಒಂದು ಮುಖ್ಯ ಲಕ್ಷಣ ಕೀಲು ನೋವು. ಆಪರೇಷನ್ ಆದ ಮಂಡಿಯೂ ನೋಯುತ್ತೆ. ಯಾವ ನೋವು ಯಾವುದು ಅಂತ ದೋಣಿಯ ಮೇಲೆ ಕೂತು ಹೇಳೋದು ಕಷ್ಟ. ಅದಕ್ಕೇ ನೀರಿಗಿಳಿಯುವ ಮೊದಲು ನಿಮ್ಮ ಮಂಡಿಯ ಮಾಮೂಲಿ ನೋವು ಹೇಗಿರುತ್ತೆ, ಎಲ್ಲಿರುತ್ತೆ, ಎಷ್ಟಿರುತ್ತೆ ಅಂತ ಬರೆದಿಟ್ಟು ಜೊತೆಗಾರರಿಗೆ ಹೇಳಿರಬೇಕು. ಡೈವ್ ಆದ ಮೇಲೆ ಹೊಸ ನೋವು ಬಂದರೆ "ಇದು ಆಪರೇಷನ್ದೇ ಇರ್ಬೇಕು" ಅಂತ ಸುಮ್ಮನಾಗಬಾರದು.

ಎಷ್ಟು ದಿನ ಕಾಯಬೇಕು?

ಕ್ಯಾಲೆಂಡರ್ ನೋಡಿ ಹೇಳುವ ಒಂದೇ ಉತ್ತರ ಇಲ್ಲ. ಮಂಡಿ ಬದಲಿಸಿಕೊಂಡ ಹೆಚ್ಚಿನವರು ಕೆಲವೇ ವಾರಗಳಲ್ಲಿ ಮನೆಗೆಲಸಕ್ಕೆ ಮರಳುತ್ತಾರೆ, ಆದರೆ ಸ್ನಾಯುಗಳು ಪೂರ್ತಿ ಚೇತರಿಸಿಕೊಳ್ಳಲು ಒಂದು ವರ್ಷದ ತನಕ ಹಿಡಿಯಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಟ್ಟಿಕೊಂಡ ಶಕ್ತಿಯನ್ನು ಒಂದು ಜಾರುವ ಏಣಿ ಕಿತ್ತುಕೊಳ್ಳಬಹುದು.

ಡೈವಿಂಗ್ ಜಗತ್ತಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ, 2020ರಲ್ಲಿ ಪರಿಷ್ಕರಿಸಿದ ಆರೋಗ್ಯ ಪ್ರಶ್ನಾವಳಿ ಒಂದಿದೆ. ಅದರ ಮೂರು ಪ್ರಶ್ನೆಗಳು ಇವರಿಗೆ ನೇರವಾಗಿ ಸಂಬಂಧಿಸಿದ್ದು. ಒಂದು, ಕಳೆದ 12 ತಿಂಗಳಲ್ಲಿ ಆಪರೇಷನ್ ಆಗಿದೆಯಾ, ಅಥವಾ ಹಳೆಯ ಆಪರೇಷನ್ನಿನ ತೊಂದರೆ ಇನ್ನೂ ಇದೆಯಾ? ಎರಡು, 1.6 ಕಿಲೋಮೀಟರನ್ನು 14 ನಿಮಿಷದಲ್ಲಿ ನಡೆಯುವಂಥ, ಅಥವಾ ನಿಲ್ಲದೆ 200 ಮೀಟರ್ ಈಜುವಂಥ ಶ್ರಮ ಕಷ್ಟವಾಗುತ್ತಾ? ಮೂರು, ವೈದ್ಯರು ಬರೆದುಕೊಟ್ಟ ಔಷಧಿ ತಗೋತಿದ್ದೀರಾ? ಯಾವುದಾದರೂ ಒಂದಕ್ಕೆ 'ಹೌದು' ಅಂದರೂ ವೈದ್ಯರ ಪರೀಕ್ಷೆ, ಸಹಿ ಬೇಕು.

ಇದು 'ನೀವು ಬರಬೇಡಿ' ಅನ್ನುವ ಫಾರ್ಮ್ ಅಲ್ಲ, 'ಒಬ್ಬ ವೈದ್ಯರ ಜೊತೆ ಮಾತಾಡಿ ಬನ್ನಿ' ಅನ್ನುವ ಫಾರ್ಮ್. ಆದರೆ ನಮ್ಮಲ್ಲಿ ಬಹಳಷ್ಟು ಸಲ ಆಗೋದೇನು? ದೋಣಿ ಹೊರಡೋ ಹೊತ್ತಿಗೆ ಕೈಗೆ ಒಂದು ಇಂಗ್ಲಿಷ್ ಹಾಳೆ ಬರುತ್ತೆ, ಹಿಂದೆ ಸಾಲು ನಿಂತಿರುತ್ತೆ, ಜನ ಎಲ್ಲದಕ್ಕೂ 'ಇಲ್ಲ' ಅಂತ ಗೀಚಿ ಸಹಿ ಹಾಕ್ತಾರೆ. ಫಾರ್ಮನ್ನು ಒಂದು ವಾರ ಮೊದಲೇ ಕೇಳಿ ತರಿಸಿಕೊಂಡು ಮೂಳೆ ವೈದ್ಯರ ಹತ್ತಿರ ಹೋಗಿ.

ಅವರನ್ನು ಕೇಳಬೇಕಾದ್ದು ಇಷ್ಟು. ಗಾಯ ಪೂರ್ತಿ ಮಾಯ್ದಿದೆಯಾ? ರಕ್ತ ತೆಳುವಾಗಿಸುವ ಮಾತ್ರೆ ನಿಂತಿದೆಯಾ? (ಅದು ನಡೆಯುತ್ತಿದ್ದಾಗ ಕಿವಿ, ಸೈನಸ್‌ನಲ್ಲಿ ಒತ್ತಡದ ಗಾಯವಾದರೆ ರಕ್ತಸ್ರಾವ ಜಾಸ್ತಿಯಾಗಬಹುದು.) ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯದ ಅವಧಿ ದಾಟಿದೆಯಾ? (ಮೊದಲ ಮೂರು ತಿಂಗಳು ಇದಕ್ಕೆ ವಿಶೇಷ ಎಚ್ಚರ ಬೇಕು, ರಾತ್ರಿಯಿಡೀ ಬಸ್ಸಲ್ಲಿ ಕೂತು ಹೋಗುವವರಿಗೆ ಇನ್ನೂ ಹೆಚ್ಚು.) ಮಂಡಿ ಎಷ್ಟು ಡಿಗ್ರಿ ಮಡಚುತ್ತೆ? ಬದಲಿ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತೆ. ಮೆಟ್ಟಿಲಿಗೆ ಅದು ಸಾಕು. ಆದರೆ ಕುಕ್ಕರಗಾಲಲ್ಲಿ ಕೂರೋದಕ್ಕೆ ಸಾಲದು, ಪಾದದಿಂದ ಬಿಗಿಯಾದ ರಬ್ಬರ್ ಸೂಟ್ ಎಳೆದುಕೊಳ್ಳಲು ಬಗ್ಗಿದಾಗಲೂ ಸಾಲದೆ ಬರಬಹುದು.

ವೆಟ್‌ಸೂಟ್ ಅಂದ್ರೆ ಗುಳ್ಳೆಗಳ ಕಂಬಳಿ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತೆ. ಅದಕ್ಕೇ 27 ಡಿಗ್ರಿಯ ಕೋಣೆಯಲ್ಲಿ ಸೆಕೆ ಅನ್ನಿಸುವ ನಮಗೆ 27 ಡಿಗ್ರಿಯ ನೀರಲ್ಲಿ ಒಂದು ಗಂಟೆ ಇದ್ದರೆ ಚಳಿ ಹತ್ತುತ್ತೆ.

ಇದಕ್ಕೆ ಪರಿಹಾರ ಹುಡುಕಿದ್ದು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್, 1950ರ ದಶಕದ ಆರಂಭದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿ ಕೆಲಸ ಮಾಡಿದ್ದ ಮನುಷ್ಯ. ಆವರೆಗೆ ಎಲ್ಲರೂ ಮುಳುಗುವವನ ಮೈ ಒಣಗಿಡೋದು ಹೇಗೆ ಅಂತ ಯೋಚಿಸುತ್ತಿದ್ದರು. ಬ್ರಾಡ್ನರ್ ಹೇಳಿದ್ದು ಮೈ ಒದ್ದೆಯಾದರೂ ಪರವಾಗಿಲ್ಲ, ಬಿಸಿ ತಡೆಯೋದು ಬಟ್ಟೆಯೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಅಂತ. ಅದಕ್ಕೆ ಸಿಕ್ಕ ವಸ್ತು ನಿಯೋಪ್ರೀನ್, 1930ರಲ್ಲಿ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರು. ಅದನ್ನು ನೊರೆಯಂತೆ ಉಬ್ಬಿಸಿ ಹಾಳೆ ಮಾಡಿದರೆ ಲಕ್ಷಾಂತರ ಗುಳ್ಳೆಗಳ ಕಂಬಳಿ ಸಿದ್ಧ.

ಸೂಟು ಸಡಿಲವಾದರೆ ಒಳಗಿನ ಬೆಚ್ಚಗಿನ ನೀರು ಹೊರಗೆ ಹೋಗಿ ತಣ್ಣೀರು ಬರುತ್ತಲೇ ಇರುತ್ತೆ. ಆಗ ದುಬಾರಿ ಸೂಟೂ ದಂಡ. ಅದಕ್ಕೇ ಅದು ಬಿಗಿಯಾಗಿರಬೇಕು. ಆಪರೇಷನ್ ಆದವರ ಕಷ್ಟ ಶುರುವಾಗೋದೇ ಈ ಬಿಗಿಯಿಂದ.

ದಪ್ಪ ಸೂಟು, ಹೆಚ್ಚು ಸೀಸ, ಮಂಡಿಗೆ ಭಾರ

ಅಂಗಡಿಯಲ್ಲಿ ಸಿಗುವ ಸಲಹೆ "ಸ್ವಲ್ಪ ದಪ್ಪದ್ದೇ ತಗೊಳ್ಳಿ, ಬೆಚ್ಚಗಿರುತ್ತೆ" ಅಂತ. ಮಂಡಿ ಬದಲಿಸಿಕೊಂಡವರು ಇದನ್ನು ಕೇಳೋ ಮುಂಚೆ ಒಂದು ಲೆಕ್ಕ ಹಾಕಬೇಕು.

ದೊಡ್ಡವರ ಮೈಯ ಹೊರಮೈ ಅಂದಾಜು 1.7 ಚದರ ಮೀಟರ್. ಸೂಟಿನ ದಪ್ಪ 1 ಮಿಲಿಮೀಟರ್ ಹೆಚ್ಚಾದರೆ ಹೆಚ್ಚುವ ಗಾತ್ರ ಸುಮಾರು 1.7 ಲೀಟರ್. ಅದರಲ್ಲಿ ದೊಡ್ಡ ಪಾಲು ಗಾಳಿ, ಅದು ನಿಮ್ಮನ್ನು ಮೇಲಕ್ಕೆ ತೇಲಿಸುತ್ತೆ. ಮುಳುಗಬೇಕಾದರೆ ಸೊಂಟಕ್ಕೆ ಸೀಸ ಕಟ್ಟಬೇಕು, ಪ್ರತಿ ಮಿಲಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ. 3 ಮಿಲಿಮೀಟರಿನ ಸೂಟು ಬಿಟ್ಟು 7 ಮಿಲಿಮೀಟರಿನದ್ದು ಹಾಕಿದರೆ ನಾಲ್ಕೈದು ಕಿಲೋ ಹೆಚ್ಚುವರಿ ಸೀಸ.

ನೀರಲ್ಲಿ ಇದು ಗೊತ್ತಾಗಲ್ಲ. ಗೊತ್ತಾಗೋದು ಏಣಿ ಹತ್ತುವಾಗ. ಬರ್ಲಿನ್ನಿನ ಸಂಶೋಧಕರು ರೋಗಿಗಳ ಬದಲಿ ಮಂಡಿಯೊಳಗೇ ಅಳತೆಯ ಉಪಕರಣ ಇಟ್ಟು, ಅದರ ಮೇಲೆ ನಿಜವಾಗಿ ಎಷ್ಟು ಬಲ ಬೀಳುತ್ತೆ ಅಂತ 2010ರಲ್ಲಿ ಪ್ರಕಟಿಸಿದರು. ಸಮತಟ್ಟು ನೆಲದಲ್ಲಿ ನಡೆಯುವಾಗ ದೇಹದ ತೂಕದ ಸುಮಾರು 2.6 ಪಟ್ಟು, ಮೆಟ್ಟಿಲು ಹತ್ತುವಾಗ 3.2 ಪಟ್ಟು, ಇಳಿಯುವಾಗ 3.5 ಪಟ್ಟು. 70 ಕಿಲೋ ತೂಕದವರು ಮೆಟ್ಟಿಲು ಹತ್ತಿದರೆ ಒಂದು ಮಂಡಿಯ ಮೇಲೆ ಸುಮಾರು 220 ಕಿಲೋ ಭಾರ. ಬೆನ್ನಿಗೆ ಸಿಲಿಂಡರ್, ಜಾಕೆಟ್, ಸೀಸ ಸೇರಿ 26 ಕಿಲೋ ಇದ್ದರೆ ಅದು 300 ದಾಟುತ್ತೆ. ಕೈಯಲ್ಲಿ ಹಿಡಿದು ಹತ್ತುವಾಗ ತೋಳು ಸ್ವಲ್ಪ ಭಾರ ಹೊರುತ್ತೆ ನಿಜ, ಆದರೆ ದೋಣಿ ಅಲೆಗೆ ಕುಣಿಯುತ್ತಾ ಇರುತ್ತೆ.

ಹೀಗಾಗಿ ಸೂಟಿನ ದಪ್ಪ ಆರಿಸೋದು ಅಂದರೆ ಮಂಡಿಯ ಮೇಲಿನ ಭಾರವನ್ನು ಆರಿಸೋದು. ಇದಕ್ಕೆ ಸೂತ್ರ ಸರಳ: ನೀವು ಹೋಗುವ ನೀರಿಗೆ ಎಷ್ಟು ತೆಳು ಸೂಟು ಸಾಕೋ ಅಷ್ಟೇ ತೆಳು. ಡೈವಿಂಗ್ ನಡೆಯುವ ತಿಂಗಳುಗಳಲ್ಲಿ ನೇತ್ರಾಣಿಯ ನೀರು ಬೆಚ್ಚಗೇ ಇರುತ್ತೆ. ಅಲ್ಲಿ 2 ಅಥವಾ 3 ಮಿಲಿಮೀಟರ್ ಸಾಕು. ಚಳಿ ತಡೆಯುವವರಿಗೆ ಲೈಕ್ರಾ ಉಡುಪೂ ಆಗುತ್ತೆ. ಆದರೆ ಇದೇ ಸಲಹೆಯನ್ನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಕೊಡೋಕಾಗಲ್ಲ. ಅಲ್ಲಿನ ಮಾಂಟೆರೆ ಕೊಲ್ಲಿಯ ನೀರು ವರ್ಷದ ಹೆಚ್ಚಿನ ಕಾಲ 10ರಿಂದ 14 ಡಿಗ್ರಿ. ಅಲ್ಲಿ 7 ಮಿಲಿಮೀಟರ್ ಬೇಕೇ ಬೇಕು, ಜೊತೆಗೆ ಬಹಳ ಜನ ಮರಳ ದಂಡೆಯಿಂದಲೇ ಅಷ್ಟೂ ಭಾರ ಹೊತ್ತು ಅಲೆಗೆ ಇಳಿಯುತ್ತಾರೆ. ಆಪರೇಷನ್ ಆದ ಮೇಲಿನ ಮೊದಲ ಡೈವ್ ಎಲ್ಲಿ ಅಂತ ಕೇಳಿದರೆ ಉತ್ತರ ಬೆಚ್ಚಗಿನ ನೀರು, ತೆಳು ಸೂಟು, ದೋಣಿ.

ಎರಡು ಕಾಲಿಗೆ ಎರಡು ಅಳತೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಬಾಡಿಗೆ ಸೂಟುಗಳೂ ಹಾಗೇ, ಸಣ್ಣ, ಮಧ್ಯಮ, ದೊಡ್ಡ ಅಂತ ಮೂರ್ನಾಲ್ಕು ಅಳತೆ ಇಟ್ಟು ನಿಮ್ಮ ಕಾಲನ್ನು ಅದಕ್ಕೆ ಹೊಂದಿಸಿಕೊಳ್ಳಿ ಅನ್ನುತ್ತವೆ. ಆಪರೇಷನ್ ಆದ ಕಾಲು ಆ ಲೆಕ್ಕಕ್ಕೆ ಸಿಗಲ್ಲ. ತೊಡೆಯ ಮುಂಭಾಗದ ಸ್ನಾಯು ಸೊರಗಿರುತ್ತೆ, ಮಂಡಿಯ ಸುತ್ತ ಊತ ತಿಂಗಳುಗಟ್ಟಲೆ ಇರಬಹುದು. ಅಂದರೆ ಒಂದೇ ಕಾಲು ಮೇಲೆ ಸಡಿಲ, ನಡುವೆ ಬಿಗಿ.

ಸೂಟು ಕೊಳ್ಳುವವರು ಎರಡೂ ಕಾಲನ್ನು ಅಳೆಯಬೇಕು: ತೊಡೆಯ ನಡುಭಾಗ, ಮಂಡಿಯ ಸ್ವಲ್ಪ ಮೇಲೆ, ಮಂಡಿಯ ಸುತ್ತ, ಮೀನಖಂಡ. ಬೆಳಿಗ್ಗೆ ಅಲ್ಲ, ಸಂಜೆ, ಊತ ಇಳಿದಿರದ ಹೊತ್ತಲ್ಲಿ. ನಿಂತು ಒಂದು ಸಲ, ಮಂಡಿ ಮಡಚಿ ಕೂತು ಇನ್ನೊಂದು ಸಲ. ದಪ್ಪವಿರುವ ಕಾಲಿನ ಅಳತೆಯೇ ನಿಮ್ಮ ಅಳತೆ. ಊತ ಇನ್ನೂ ಏರಿಳಿಯುತ್ತಿದ್ದರೆ ಸೂಟು ಕೊಳ್ಳುವ ಸಮಯ ಬಂದಿಲ್ಲ.

ಇನ್ನು ನೋಡಬೇಕಾದ್ದು ಹೊಲಿಗೆ ಮತ್ತು ಜಿಪ್. ಹೆಚ್ಚಿನ ಸೂಟುಗಳಲ್ಲಿ ಮಂಡಿಯ ಮೇಲೆ ಗಟ್ಟಿ ರಬ್ಬರಿನ ತೇಪೆ ಇರುತ್ತೆ. ಆಪರೇಷನ್ ಕಲೆ ಇರೋದು ಸರಿಯಾಗಿ ಅದರ ಕೆಳಗೇ. ತೇಪೆಯ ಅಂಚು ಕಲೆಯ ಮೇಲೆ ಉಜ್ಜುತ್ತಾ ಅಂತ ಹತ್ತು ಸಲ ಮಡಚಿ ನೋಡಿ. ಮಂಡಿಯ ಹಿಂಭಾಗದಲ್ಲಿ ಬಟ್ಟೆ ಮುದುಡಿ ಗಂಟಾದರೆ ಮಡಚುವ ಕೋನವೇ ಕಡಿಮೆಯಾಗುತ್ತೆ. ಪಾದದ ಗಂಟಿನ ಹತ್ತಿರ ಜಿಪ್ ಇರುವ ಸೂಟು ಸಿಕ್ಕರೆ ಅದೇ ಒಳ್ಳೆಯದು, ಹಿಮ್ಮಡಿ ದಾಟಿಸೋದೇ ದೊಡ್ಡ ಹೋರಾಟ. ಮೇಲಂಗಿ, ಕೆಳಗಿನ ಭಾಗ ಬೇರೆಬೇರೆ ಇರುವ ಜೋಡಿ ಸೂಟೂ ಅನುಕೂಲ.

ಬೆಚ್ಚಗಿನ ನೀರಿಗೆ ಇನ್ನೊಂದು ದಾರಿ ಇದೆ: ತೊಡೆಯವರೆಗಷ್ಟೇ ಇರುವ ಗಿಡ್ಡ ಸೂಟು, ಅದರೊಳಗೆ ಪಾದದವರೆಗಿನ ಲೈಕ್ರಾ. ಮಂಡಿಯ ಮೇಲೆ ರಬ್ಬರೇ ಇಲ್ಲ, ಹಾಗಾಗಿ ಮಡಚಲು ಅಡ್ಡಿಯಿಲ್ಲ. ಆದರೆ ಬರಿಗಾಲಲ್ಲಿ ಮಾತ್ರ ಬೇಡ. ಕಾರಣ ಬಹಳ ಜನಕ್ಕೆ ಗೊತ್ತಿರಲ್ಲ. ಮಂಡಿ ಬದಲಿಸುವಾಗ ಚರ್ಮದ ಒಂದು ಸಣ್ಣ ನರ ಕತ್ತರಿಸಿ ಹೋಗುವುದು ಸಾಮಾನ್ಯ. ಅದರಿಂದ ಮಂಡಿಯ ಹೊರಬದಿಯಲ್ಲಿ ಅಂಗೈಯಗಲದ ಜಾಗ ಮರಗಟ್ಟಿದ ಹಾಗಿರುತ್ತೆ. ಹವಳವೋ ಕಲ್ಲಿಗಂಟಿದ ಚಿಪ್ಪೋ ಅಲ್ಲಿ ಕುಯ್ದರೆ ಗೊತ್ತೇ ಆಗಲ್ಲ. ಮೈಯೊಳಗೆ ಲೋಹ ಇರುವವರಿಗೆ ಸೋಂಕು ಸಣ್ಣ ವಿಷಯ ಅಲ್ಲ. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಬದಲಿ ಕೀಲಿನ ಮೇಲೆ ನೆಲೆಯೂರಿದರೆ ಮತ್ತೆ ಆಪರೇಷನ್ ಮಾಡಬೇಕಾಗಬಹುದು. ದೋಣಿಗೆ ಬಂದ ಕೂಡಲೇ ಕಾಲು ನೋಡಿಕೊಳ್ಳಿ, ಗಾಯವಿದ್ದರೆ ಸಿಹಿನೀರು, ಸೋಪಿನಲ್ಲಿ ತೊಳೆಯಿರಿ. ಕೆಂಪಾದರೆ, ಬಿಸಿಯಾದರೆ, ಜ್ವರ ಬಂದರೆ ಅವತ್ತೇ ವೈದ್ಯರ ಹತ್ತಿರ ಹೋಗಿ.

ಹಾಕುವ ಕ್ರಮವೂ ಮುಖ್ಯ. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತು ಎಳೆಯಬೇಡಿ. ಗಟ್ಟಿ ಕುರ್ಚಿಯಲ್ಲಿ ಕೂತು, ಪಾದಕ್ಕೆ ತೆಳು ಪ್ಲಾಸ್ಟಿಕ್ ಚೀಲ ಹಾಕಿ ತೂರಿಸಿದರೆ ಸೂಟು ಸಲೀಸಾಗಿ ಜಾರುತ್ತೆ. ಆಪರೇಷನ್ ಆದ ಕಾಲು ಮೊದಲು, ಬಿಚ್ಚುವಾಗ ಕೊನೆಗೆ. ಬಿಚ್ಚುವ ಹೊತ್ತು ಇನ್ನೂ ಅಪಾಯದ್ದು: ಸುಸ್ತಾಗಿರುತ್ತೆ, ನೆಲ ಒದ್ದೆ, ದೋಣಿ ಅಲ್ಲಾಡುತ್ತೆ. ಬಿದ್ದರೆ ಲೋಹಕ್ಕಲ್ಲ, ಅದರ ಪಕ್ಕದ ಮೂಳೆಗೆ ಪೆಟ್ಟು. ಇನ್ನೊಬ್ಬರ ಸಹಾಯ ಕೇಳಿ. ಅದರಲ್ಲಿ ನಾಚಿಕೆ ಏನಿಲ್ಲ.

ಈ ರಬ್ಬರು ಎಲ್ಲಿಂದ ಬರುತ್ತೆ?

ಕೊಳ್ಳುವ ಮುಂಚೆ ಇದನ್ನೂ ತಿಳಿದಿರಬೇಕು. ನಿಯೋಪ್ರೀನ್ ತಯಾರಾಗೋದು ಕ್ಲೋರೋಪ್ರೀನ್ ಎಂಬ ರಾಸಾಯನಿಕದಿಂದ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2010ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತು ಅಂತ ಗುರುತಿಸಿತು. ಲೂಸಿಯಾನಾ ರಾಜ್ಯದಲ್ಲಿ, ಮಿಸಿಸಿಪಿ ನದಿಯ ಪಕ್ಕ, ಕಪ್ಪು ಜನರೇ ಹೆಚ್ಚಿರುವ ಊರಿನ ನಡುವೆ ಡ್ಯುಪಾಂಟ್ 1969ರಿಂದ ನಿಯೋಪ್ರೀನ್ ಮಾಡುತ್ತಿತ್ತು. 2015ರಲ್ಲಿ ಆ ಘಟಕವನ್ನು ಜಪಾನಿನ ಡೆಂಕಾ ಕಂಪನಿಗೆ ಮಾರಿತು. ಆ ಸೀಮೆಗೆ ಜನ ಇಟ್ಟಿರುವ ಹೆಸರು 'ಕ್ಯಾನ್ಸರ್ ಓಣಿ'. ಕಾರ್ಖಾನೆಯ ಹತ್ತಿರವೇ ಒಂದು ಪ್ರಾಥಮಿಕ ಶಾಲೆ ಇತ್ತು.

ಊರಿನವರು ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಅಮೆರಿಕ ಸರ್ಕಾರ ಕಂಪನಿಯ ಮೇಲೆ ಕೇಸ್ ಹಾಕಿತು. ಸರ್ಕಾರ ಬದಲಾಯಿತು, 2025ರ ಮಾರ್ಚ್‌ನಲ್ಲಿ ಅದೇ ಕೇಸನ್ನು ಹಿಂತೆಗೆದುಕೊಂಡಿತು. ಎರಡೇ ತಿಂಗಳಲ್ಲಿ, ಮೇ ತಿಂಗಳಲ್ಲಿ, ಕಂಪನಿ ಉತ್ಪಾದನೆಯನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುವುದಾಗಿ ಹೇಳಿತು. ಆದರೆ ಜಪಾನ್, ಚೀನಾದಂಥ ಕಡೆ ನಿಯೋಪ್ರೀನ್ ತಯಾರಿಕೆ ನಡೆಯುತ್ತಲೇ ಇದೆ. 'ಸುಣ್ಣದಕಲ್ಲಿನ ನಿಯೋಪ್ರೀನ್, ಪರಿಸರಸ್ನೇಹಿ' ಅಂತ ಜಾಹೀರಾತು ಬಂದರೆ ನಂಬಬೇಡಿ. ಪೆಟ್ರೋಲಿಯಂ ಬದಲು ಸುಣ್ಣದಕಲ್ಲಿನಿಂದ ಶುರುಮಾಡಿದರೂ ಮಧ್ಯದಲ್ಲಿ ಬರುವುದು ಅದೇ ಕ್ಲೋರೋಪ್ರೀನ್.

ಪರ್ಯಾಯ ಇಲ್ಲದಿಲ್ಲ. ಯೂಲೆಕ್ಸ್ ಎಂಬ ಹೆಸರಲ್ಲಿ ಮರದ ಹಾಲಿನಿಂದ ಮಾಡಿದ ನೈಸರ್ಗಿಕ ರಬ್ಬರಿನ ಸೂಟುಗಳು ಈಗ ಸಿಗುತ್ತವೆ. ಸರ್ಫಿಂಗ್ ಸೂಟುಗಳಲ್ಲಿ ಪ್ಯಾಟಗೋನಿಯಾ ಕಂಪನಿ 2016ರಿಂದ ಇದನ್ನೇ ಹೆಚ್ಚಾಗಿ ಬಳಸುತ್ತಿದೆ. ಬೆಲೆ ಹೆಚ್ಚು, ನಮ್ಮಲ್ಲಿ ಸುಲಭವಾಗಿ ಸಿಗಲ್ಲ. ಹಾಗಾಗಿ ವರ್ಷಕ್ಕೊಂದೆರಡು ಸಲ ನೇತ್ರಾಣಿಗೆ ಹೋಗುವವರಿಗೆ ನನ್ನ ಸಲಹೆ: ಒಂದೇ ಸೂಟು, ಸರಿಯಾದ ಅಳತೆಯದ್ದು, ಸಾಧ್ಯವಾದರೆ ಯಾರೋ ಬಳಸಿ ಮಾರುತ್ತಿರುವ ಗಟ್ಟಿಮುಟ್ಟಾದದ್ದು. ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಬಹುಕಾಲ ಬರುತ್ತೆ.

ನೀರಿಗೆ ಇಳಿದ ಮೇಲೆ

ನೀರೊಳಗೆ ಮಂಡಿಗೆ ವಿಶ್ರಾಂತಿಯೇ. ಭಾರ ಇಲ್ಲ, ಪೆಟ್ಟಿಲ್ಲ. ಗಮನ ಬೇಕಾದ್ದು ಕಾಲು ಬಡಿಯುವ ರೀತಿಗೆ. ಕಪ್ಪೆಯ ಹಾಗೆ ಕಾಲನ್ನು ಹೊರಕ್ಕೆ ತಿರುಗಿಸಿ ಒದೆಯುವುದು ಮಂಡಿಯನ್ನು ತಿರುಚುತ್ತೆ, ಬದಲಿ ಮಂಡಿಗೆ ಅದು ಒಳ್ಳೆಯದಲ್ಲ. ಸೊಂಟದಿಂದ ಕಾಲು ಮೇಲೆ ಕೆಳಗೆ ಆಡಿಸುವುದು ಸುರಕ್ಷಿತ. ಉದ್ದನೆಯ ಗಟ್ಟಿ ಫಿನ್ ಬದಲು ಮೆತ್ತನೆಯದ್ದು ತಗೊಳ್ಳಿ. ಮೊದಲು ಈಜುಕೊಳದಲ್ಲಿ ಅಭ್ಯಾಸ ಮಾಡಿ, ಮಾರನೆಯ ದಿನ ಮಂಡಿ ಊದಿದೆಯಾ ನೋಡಿ, ಆಮೇಲೆ ಕಡಲು.

ದೋಣಿಯಲ್ಲಿ ಮೂರು ಕೇಳಿ ಪಡೆಯಬೇಕು. ಒಂದು, ನಿಂತು ಹಾರುವ ಬದಲು ಅಂಚಲ್ಲಿ ಕೂತು ಹಿಂದಕ್ಕೆ ಉರುಳಿ ನೀರಿಗೆ ಬೀಳುವ ಅವಕಾಶ. ಎರಡು, ವಾಪಸ್ ಬಂದಾಗ ಸೀಸ, ಜಾಕೆಟ್, ಸಿಲಿಂಡರ್ ನೀರಲ್ಲೇ ಬಿಚ್ಚಿ ಮೇಲಿನವರಿಗೆ ಕೊಡುವುದು. 80 ಕಿಲೋದಷ್ಟು ಹೆಚ್ಚುವರಿ ಭಾರ ಮಂಡಿಯಿಂದ ಇಳಿಸುವ ಅತಿ ಅಗ್ಗದ ಉಪಾಯ ಇದು. ಏಣಿಯಲ್ಲಿ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದದ್ದು ಮೊದಲು. ಮೂರು, ತಳದಲ್ಲಿ ಮಂಡಿಯೂರಿ ಕೂರಿಸಿ ಪಾಠ ಮಾಡುವ ಹಳೆಯ ರೂಢಿಯಿಂದ ವಿನಾಯಿತಿ. ತೇಲುತ್ತಲೇ ಎಲ್ಲವನ್ನೂ ಮಾಡಬಹುದು. ಅದು ಹವಳಕ್ಕೂ ಒಳ್ಳೆಯದು.

ಬೆಂಗಳೂರಿಂದ ಹೋಗುವವರಿಗೆ ಇನ್ನೊಂದು ಮಾತು. ಡೈವ್ ಆದ ಮೇಲೆ ವಿಮಾನ ಹತ್ತಲು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಅಂತರ, ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ. ಅದು ಸುಮಾರು 600 ಮೀಟರಿಗಿಂತ ಮೇಲಿನ ಎತ್ತರಕ್ಕೆ ಸಂಬಂಧಿಸಿದ ಮಾತು. ಬೆಂಗಳೂರು ಇರೋದು 900 ಮೀಟರ್ ಎತ್ತರದಲ್ಲಿ. ಅವತ್ತೇ ಸಂಜೆ ಘಟ್ಟ ಹತ್ತುವ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ. ಒಂದು ರಾತ್ರಿ ಮುರುಡೇಶ್ವರದಲ್ಲಿ ಉಳಿದರೆ ಸಾರಜನಕಕ್ಕೂ ಮಂಡಿಗೂ ಬಿಡುವು ಸಿಗುತ್ತೆ.

ಬೆಲೆ ಮಿತಿ ಲೋಹಕ್ಕೆ ಮಾತ್ರ

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಬೆಲೆ ಮಿತಿ ಹಾಕಿತು. ಅದನ್ನು ಪ್ರಕಟಿಸಿದ್ದು ಆಗ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾಗಿದ್ದ ಬೆಂಗಳೂರಿನ ಅನಂತ್ ಕುಮಾರ್. ಸರಾಸರಿ ಒಂದೂವರೆ ಲಕ್ಷ ದಾಟಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆ, ತೆರಿಗೆ ಬಿಟ್ಟು, 54,720 ರೂಪಾಯಿಗೆ ಇಳಿಯಿತು. ಟೈಟಾನಿಯಂ ಥರದ ವಿಶೇಷ ಲೋಹದ್ದು 76,600ಕ್ಕೆ. ಇಂಪ್ಲಾಂಟ್ ಕಂಪನಿಗಳು, ಆಸ್ಪತ್ರೆಗಳು, ಮಧ್ಯವರ್ತಿಗಳು ಸೇರಿ ಎಷ್ಟು ಲಾಭ ಹೊಡೆಯುತ್ತಿದ್ದರು ಅಂತ ಜನಕ್ಕೆ ಗೊತ್ತಾಗಿದ್ದೇ ಆಗ. ಸರ್ಕಾರ ಮಧ್ಯಪ್ರವೇಶಿಸಿದರೆ ಏನಾಗುತ್ತೆ ಅನ್ನೋದಕ್ಕೆ ಇದು ಒಳ್ಳೆಯ ಉದಾಹರಣೆ.

ಆದರೆ ಆ ಮಿತಿ ಇರೋದು ಲೋಹಕ್ಕೆ. ಅದರ ನಂತರದ ತಿಂಗಳುಗಳ ಫಿಜಿಯೋಥೆರಪಿಗೆ ಅಂಥ ಮಿತಿ ಇಲ್ಲ. ಮಂಡಿ ಬದಲಾಗೋದು ಆಪರೇಷನ್ ಟೇಬಲ್ಲಿನ ಮೇಲೆ ಒಂದೆರಡು ಗಂಟೆಯಲ್ಲಿ. ಏಣಿ ಹತ್ತುವ ಕಾಲು ತಯಾರಾಗೋದು ಆರು ತಿಂಗಳ ವ್ಯಾಯಾಮದಲ್ಲಿ. ದುಡ್ಡಿರುವವರು ಫಿಜಿಯೋ ಮನೆಗೇ ಕರೆಸಿಕೊಳ್ಳುತ್ತಾರೆ, ಇಲ್ಲದವರು ಡಿಸ್ಚಾರ್ಜ್ ಹಾಳೆಯಲ್ಲಿ ಮುದ್ರಿಸಿದ ಚಿತ್ರ ನೋಡಿಕೊಂಡು ತಾವೇ ಮಾಡುತ್ತಾರೆ, ನೋವಾದರೆ ಬಿಡುತ್ತಾರೆ. ಅವರಿಗೆ ಸ್ಕೂಬಾ ಹೋಗಲಿ, ಬಸ್ಸಿನ ಮೊದಲ ಮೆಟ್ಟಿಲೇ ನೇತ್ರಾಣಿಯಷ್ಟು ದೂರ. ನಮ್ಮ ಬಸ್ಸಿನ ಮೆಟ್ಟಿಲಿಗೂ ಆ ದೋಣಿಯ ಏಣಿಗೂ ಲೆಕ್ಕ ಒಂದೇ: ದೇಹದ ತೂಕದ ಮೂರು ಪಟ್ಟು, ಒಂದು ಮಂಡಿಯ ಮೇಲೆ.

ಹಾಗಾಗಿ ಕೇಳಬೇಕಾದ ಬೇಡಿಕೆಗಳು ಬಹಳ ದೊಡ್ಡವೇನಲ್ಲ. ಮಂಡಿ ಆಪರೇಷನ್ನಿನ ಸರ್ಕಾರಿ ಪ್ಯಾಕೇಜುಗಳಲ್ಲಿ ಆಮೇಲಿನ ಫಿಜಿಯೋಥೆರಪಿಯೂ ಸೇರಲಿ, ತಾಲೂಕು ಆಸ್ಪತ್ರೆಯಲ್ಲೇ ಸಿಗಲಿ. ಕರಾವಳಿಯ ಡೈವಿಂಗ್ ಕೇಂದ್ರಗಳು ಆರೋಗ್ಯದ ಫಾರ್ಮನ್ನು ಕನ್ನಡದಲ್ಲಿ, ಬುಕಿಂಗ್ ಮಾಡುವಾಗಲೇ ಕೊಡಲಿ ಅಂತ ಪ್ರವಾಸೋದ್ಯಮ ಇಲಾಖೆ ನಿಯಮ ಮಾಡಲಿ. ದೋಣಿಯ ಏಣಿಗೆ ಎರಡೂ ಕಡೆ ಹಿಡಿಕೆ, ಅಗಲವಾದ ಮೆಟ್ಟಿಲು ಇರಲಿ. ಇಪ್ಪತ್ತೈದರ ಹುಡುಗನಿಗೂ ಅದು ಬೇಡ ಅನ್ನಿಸಲ್ಲ.

ಅಲ್ಲಿಯವರೆಗೆ, ಮನೆಯಲ್ಲಿ ಯಾರಾದರೂ "ಮತ್ತೆ ಒಂದ್ಸಲ ನೀರಿಗಿಳೀಬೇಕು" ಅಂದರೆ ಟೇಪು ತಗೊಂಡು ಅವರ ಎರಡೂ ಕಾಲು ಅಳೆಯಿರಿ. ವೈದ್ಯರ ಹತ್ತಿರ ಹೋಗುವಾಗ ಫಾರ್ಮ್ ಜೊತೆಗಿರಲಿ. ದೋಣಿಯಲ್ಲಿ ಅವರು ಸೂಟು ಬಿಚ್ಚುವಾಗ ಪಕ್ಕದಲ್ಲಿ ನಿಂತಿರಿ.